ಹಣೆಯಿಂದ ಇಳಿದ ಮೂಗು

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುವುದಿಲ್ಲ ಎಂಬ ಗಾದೆಯನ್ನು ಯಾರು ಕಟ್ಟಿದರೋ ನನಗೆ ಗೊತ್ತಿಲ್ಲ. ಕಟ್ಟಿದವನು ಗಂಡಸೇ ಇರಬೇಕು, ಮತ್ತು ಅವನು ತೊರಗಲ್ಲಿಗೆ ಹೋಗಿರಲಿಕ್ಕಿಲ್ಲ. ನಮ್ಮ ಶಟ್ಟೆವ್ವಾಯಿಯ ಮೂಗು ತಿರುಗಿ ಬಂದಿತ್ತು. ಶಾಂತಿಯಿಂದ ಬರಲಿಲ್ಲ ಅನ್ನುವುದು ಬೇರೆ ಮಾತು.

ಆಕೆ ನಮ್ಮ ಅಜ್ಜ ಮಾಳಪ್ಪನ ಅಕ್ಕ. ಅವಳ ಮೂಗಿನ ಏಣಿನ ಮೇಲೆ, ತುಸು ಎಡಕ್ಕೆ, ಒಂದು ಹಸಿರು ಹಚ್ಚೆಯ ಬೊಟ್ಟಿತ್ತು. ಹೊಸಬರು ನೋಡಿ, "ಹಚ್ಚಿ ಹಾಕಿದಾಕಿ ಕುಡದಿದ್ಳೇನಬೇ?" ಎಂದು ಕೇಳಿದರೆ, "ಹಣೀ ಮ್ಯಾಲೇ ಹಾಕಿದ್ಳು. ಹಣೀನ ಕೆಳಗ ಇಳೀತು" ಎನ್ನುತ್ತಿದ್ದಳು. ಊರವರು ಎದುರಿಗೆ ಮೂಗಿನ ಶಟ್ಟೆವ್ವ ಎನ್ನುತ್ತಿದ್ದರು, ಹಿಂದಿನಿಂದ ಇನ್ನೇನೇನೋ ಎನ್ನುತ್ತಿದ್ದರು. ಅವರ ಬಾಯಲ್ಲಿ ಮಣ್ಣು ಬೀಳಲಿ. ನಾನು ಹೇಳುವುದನ್ನು ಪೂರ್ತಿ ಕೇಳಿ, ಆಮೇಲೆ ನಗುವುದಿದ್ದರೆ ನಗಿರಿ.

ನಾವು ಹೂಲಿಯ ಕುರುಬರು. ನಮ್ಮಲ್ಲಿ ಪ್ರತಿ ಮನೆಗೂ ಒಂದು ಕಿವಿಗುರುತು ಇರುತ್ತದೆ. ಮರಿ ಹುಟ್ಟಿ ಮೇವಿಗೆ ಬಾಯಿ ಹಾಕುವಷ್ಟಾದಾಗ ಅದರ ಕಿವಿಯನ್ನು ನಮ್ಮ ಮನೆಯ ರೀತಿಯಲ್ಲಿ ಕಚ್ಚು ಹೊಡೆಯುತ್ತೇವೆ. ಒಮ್ಮೆ ಕಚ್ಚು ಬಿದ್ದ ಕಿವಿ ಮತ್ತೆ ತುಂಬಿಕೊಳ್ಳುವುದಿಲ್ಲ. ನೂರು ಹಿಂಡು ಒಂದೇ ಹೊಳೆಯಲ್ಲಿ ನೀರು ಕುಡಿದರೂ ಯಾರ ಕುರಿ ಯಾರದೆಂದು ಕಿವಿ ಹೇಳುತ್ತದೆ. ಮಾಳಪ್ಪನ ಮನೆಯ ಗುರುತು ಎಡಗಿವಿಯ ತುದಿಯಲ್ಲಿ ಎರಡು ಕಚ್ಚು.

ಶಟ್ಟೆವ್ವನನ್ನು ಬೈಲಹೊಂಗಲದ ಹತ್ತಿರದ ಒಂದು ಹಳ್ಳಿಗೆ ಕೊಟ್ಟಿದ್ದರು. ಗಂಡ ಲಗಮಪ್ಪ. ಅವನಿಗೂ ಹಿಂಡು ಇತ್ತು, ಕೈಗೆ ಬಲ ಇತ್ತು, ಆ ಬಲವನ್ನು ಹೆಂಡತಿಯ ಬೆನ್ನಿನ ಮೇಲೆ ದಿನಾ ಪರೀಕ್ಷೆ ಮಾಡುವ ಚಾಳಿ ಇತ್ತು. ಪ್ಲೇಗಿನ ಹಾವಳಿ ತಗ್ಗಿ ಜನ ಊರ ಹೊರಗಿನ ಗುಡಿಸಲು ಬಿಟ್ಟು ಊರೊಳಗೆ ಬಂದ ಮೇಲಿನ ಕಾಲ, ಸಾವಿರದ ಒಂಬೈನೂರ ಎಂಟರ ಸುಮಾರು. ಆ ವರ್ಷ ನವಿಲುತೀರ್ಥದ ಕಣಿವೆಯಲ್ಲಿ ಎಲ್ಲರ ಹಿಂಡೂ ಮೇಯುತ್ತಿದ್ದಾಗ ಮಾಳಪ್ಪನ ಒಳ್ಳೊಳ್ಳೆ ಕುರಿಗಳು ಕಾಣೆಯಾದವು. ಹುಡುಕುತ್ತ ಹೋದರೆ ಅಕ್ಕನ ಗಂಡನ ಹಿಂಡಿನಲ್ಲಿ ಎರಡೂ ಕಿವಿ ಬುಡಮಟ್ಟ ಹೋದ ಕುರಿಗಳು ನಿಂತಿದ್ದವು. ಗಾಯ ಇನ್ನೂ ಹಸಿಯಾಗಿತ್ತು.

"ತೋಳ ಹರದೈತಿ," ಎಂದ ಲಗಮಪ್ಪ.

ತೋಳ ಎರಡೂ ಕಿವಿಯನ್ನು ಮಾತ್ರ ತಿಂದು ಕುರಿಯನ್ನು ಬಿಟ್ಟು ಹೋಗುತ್ತದಂತೆ! ಆದರೆ ಕಿವಿಯೇ ಇಲ್ಲದ ಮೇಲೆ ಸಾಕ್ಷಿ ಎಲ್ಲಿ? ಹೂಲಿಯ ಕಟ್ಟೆಯ ಮೇಲೆ ಹಿರಿಯರು ಕೂಡಿದರು. ಹಿರಿಯ ಪರಸಪ್ಪ ಕುರಿಯ ತಲೆ ಅತ್ತಿತ್ತ ಹೊರಳಿಸಿ ನೋಡಿ, ಇದು ಇಂಥವರದೇ ಎಂದು ಹೇಳಲು ಬರುವುದಿಲ್ಲ ಎಂದ. ಮಾತು ಅಲ್ಲಿಗೆ ಮುಗಿಯುತ್ತಿತ್ತು. ಗಂಡನ ಜೊತೆ ಹೂಲಿಗೆ ಬಂದಿದ್ದ ಶಟ್ಟೆವ್ವ ಹಿರಿಯರಿಗೆ ನೀರು ಕೊಡಲು ಬಂದವಳು ತಂಬಿಗೆ ಕೆಳಗಿಟ್ಟಳು. ಹೆಂಗಸರು ಕಟ್ಟೆಯ ಮುಂದೆ ಬಾಯಿ ತೆರೆಯುವ ಪದ್ಧತಿ ಇರಲಿಲ್ಲ.

"ಇದು ನಮ್ಮ ತಮ್ಮನ ಕುರಿ ಐತ್ರಿ. ನಮ್ಮ ಹಟ್ಟ್ಯಾಗ ನನ್ನ ಕೈಯಾಗ ಹುಟ್ಟೇತಿ. ಇದರ ಎದಿ ಮ್ಯಾಲ ಎಡಕ್ಕ ತಿರುಗಿದ ಸುಳಿ ಐತಿ, ನೋಡ್ರಿ. ಉಣ್ಣಿ ಎಷ್ಟು ಸಲ ಕತ್ತರಿಸಿದ್ರೂ ಸುಳಿ ಅಲ್ಲೇ ಬರತೈತಿ. ಕಿವಿ ಕೊಯ್ದ್ರ ಕಿವಿ ಹೋಗತೈತಿ. ತೊಗಲು ಮರೆಯಂಗಿಲ್ರಿ."

ಪರಸಪ್ಪ ಉಣ್ಣೆ ಬಿಡಿಸಿ ನೋಡಿದ. ಸುಳಿ ಇತ್ತು. ಕುರಿಗಳು ಮಾಳಪ್ಪನಿಗೆ ತಿರುಗಿ ಹೋದವು. ಲಗಮಪ್ಪನ ರುಮಾಲು ತೆಗೆಸಿ, ಹೆಂಡತಿಯ ತಮ್ಮನ ಕಾಲ ಮೇಲೆ ಇಡಿಸಿದರು. ಅವನು ಇಟ್ಟ. ಎದ್ದು ನಿಂತಾಗ ಹೆಂಡತಿಯನ್ನು ನೋಡಿದ, ಅಷ್ಟೇ. ಇವಳನ್ನು ತವರಿನಲ್ಲೇ ಇಟ್ಟುಕೊಳ್ಳಬೇಕು ಎಂಬ ಬುದ್ಧಿ ಆ ಕಟ್ಟೆಯ ಮೇಲಿದ್ದ ಒಬ್ಬ ಗಂಡಸಿಗಾದರೂ ಬರಬೇಕಿತ್ತು. ಬರಲಿಲ್ಲ. ಗಂಡನ ಹಿಂದೆಯೇ ಕಳಿಸಿಕೊಟ್ಟರು.

ಮರುದಿನ ಹೊತ್ತೇರಿದಾಗ ಶಟ್ಟೆವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಲಗಮಪ್ಪ ಗೋಡೆಯ ಮೊಳೆಯಿಂದ ಉಣ್ಣೆ ಕತ್ತರಿಸುವ ಕತ್ತರಿ ತೆಗೆದುಕೊಂಡು ಬಂದ. ಜಡೆ ಹಿಡಿದು ಹಿಂದಕ್ಕೆ ಎಳೆದ. ಅವಳು ಅಂಗಾತ ಬಿದ್ದಳು. ಅವನು ಎದೆಯ ಮೇಲೆ ಮೊಣಕಾಲೂರಿದ, ಅವನ ತಾಯಿ ತಂಗೆವ್ವ ಕಾಲುಗಳ ಮೇಲೆ ಕುಂತಳು. ಹೌದು, ಅತ್ತೆಯೇ. ಅದನ್ನು ನಾನು ಮುಚ್ಚಿಡುವುದಿಲ್ಲ.

"ಕಿವಿ ಇಲ್ಲದ ಕುರಿ ಗುರುತು ಹಿಡದಿ," ಎಂದ. "ಈಗ ನಿನ್ನ ಗುರುತು ಯಾರು ಹಿಡೀತಾರ, ನೋಡತೇನಿ."

ಆ ಕತ್ತರಿಯ ಬಾಯಿ ಉಣ್ಣೆಗೆ ಹರಿತ, ಎಲುಬಿಗೆ ಅಲ್ಲ. ಮೊದಲ ಸಲ ತೊಗಲು ಹೋಯಿತು, ಒಳಗಿನ ಮೆತ್ತನೆಯ ಎಲುಬು ಕಚ್ಚಿಕೊಂಡು ನಿಂತಿತು. ಎರಡನೆಯ ಸಲ ಅವನು ಕತ್ತರಿಯನ್ನು ಎರಡೂ ಕೈಯಿಂದ ಒತ್ತಿದ. ಕರಕ್ ಎಂದದ್ದು ಬೀದಿಯ ತನಕ ಕೇಳಿತೆಂದು ಆಮೇಲೆ ನೆರೆಯವರು ಹೇಳಿದರು. ಕೇಳಿತ್ತು, ಆದರೆ ಯಾರೂ ಬರಲಿಲ್ಲ. ಶಟ್ಟೆವ್ವನಿಗೆ ಕೂಗಲು ಆಗಲಿಲ್ಲ. ರಕ್ತ ಗಂಟಲಿಗೆ ಇಳಿದು ಉಸಿರೇ ಕಟ್ಟಿತ್ತು. ಲಗಮಪ್ಪ ಆ ತುಂಡನ್ನು ಒಲೆಗೆ ಎಸೆದ. ಯಾಕೆಂದರೆ ಬಿಸಿ ಆರುವ ಮೊದಲು ಹೊಲಿದರೆ ಮೂಗು ಕೂಡಿಕೊಳ್ಳುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಸುಟ್ಟ ಕೂದಲಿನಂಥ ವಾಸನೆ ಮನೆಯೆಲ್ಲ ಹರಡಿತು.

ಆಮೇಲೆ ತಂಗೆವ್ವ ಚಿಮಟ ತಂದು ಬೂದಿ ಕೆದಕಿ ಸೊಸೆಯ ಬಂಗಾರದ ನತ್ತನ್ನು ಹೊರಗೆ ತೆಗೆದಳು. ಸೆರಗಿನಿಂದ ಒರೆಸಿ ಗಂಟು ಹಾಕಿಕೊಂಡಳು. ಶಟ್ಟೆವ್ವ ಅದನ್ನು ಮಲಗಿದಲ್ಲಿಂದಲೇ ನೋಡಿದಳು. ತೆವಳುತ್ತ ಹೋಗಿ ಅದೇ ಒಲೆಯ ಬೂದಿಯನ್ನು ಮುಷ್ಟಿ ಮುಷ್ಟಿ ತೆಗೆದು ಗಾಯಕ್ಕೆ ಒತ್ತಿಕೊಂಡಳು. ರಕ್ತ ನಿಂತದ್ದು ಆ ಬೂದಿಯಿಂದ. ಸವದತ್ತಿಯ ಹಾದಿಯಲ್ಲಿ ಒಬ್ಬ ಗಾಡಿಯವನು ಕರುಣೆಯಿಂದ ಹತ್ತಿಸಿಕೊಂಡು ಹೂಲಿಗೆ ತಂದು ಬಿಟ್ಟ. ಅವನು ದಾರಿಯುದ್ದಕ್ಕೂ ಹಿಂದಕ್ಕೆ ತಿರುಗಿ ನೋಡಲಿಲ್ಲವಂತೆ.

ಮಾಳಪ್ಪ ಅಕ್ಕನನ್ನು ನೋಡಿ ಕೊಡಲಿ ತೆಗೆದುಕೊಂಡು ಓಡಿದ. ಅಷ್ಟರಲ್ಲಿ ಲಗಮಪ್ಪ ಮಲಪ್ರಭೆ ದಾಟಿ ರಾಮದುರ್ಗದ ಕಡೆ ಹೋಗಿಬಿಟ್ಟಿದ್ದ. ಆಗ ಅದು ಸಂಸ್ಥಾನದ ಸೀಮೆ, ಈ ಕಡೆಯ ಪೊಲೀಸರು ಅಲ್ಲಿಗೆ ಹೋಗಿ ಕೈ ಹಾಕುವಂತಿರಲಿಲ್ಲ. ಈ ಸರಕಾರದಿಂದ ಆ ಸರಕಾರಕ್ಕೆ ಕಾಗದ ಹೋಗಬೇಕು. ಸರಕಾರಿ ಕಾಗದ ಎಷ್ಟು ಜೋರಾಗಿ ಓಡುತ್ತದೆಂದು ನಿಮಗೂ ಗೊತ್ತು.

ಮೂಗು ಅಂದರೆ ಬರೀ ಅಂದಕ್ಕೆ ಇರುವುದೆಂದು ತಿಳಿಯಬೇಡಿ. ಅದರ ಒಳಗೆ ಒಂದು ತೆಳ್ಳನೆಯ ಒದ್ದೆ ಪೊರೆ ಇದೆ. ನಾವು ಎಳೆದುಕೊಳ್ಳುವ ಗಾಳಿಗೆ ಅದು ಪಸೆ ಕೊಡುತ್ತದೆ, ಬೆಚ್ಚಗೆ ಮಾಡುತ್ತದೆ, ಧೂಳನ್ನು ಹಿಡಿದು ನಿಲ್ಲಿಸುತ್ತದೆ. ಹೊರಗಿನ ತೊಗಲಿನ ಛಾವಣಿ ಹೋದ ಮೇಲೆ ಆ ಪೊರೆ ಬಿಸಿಲಿಗೆ, ಗಾಳಿಗೆ ಬಯಲಾಯಿತು. ಒಣಗಿ ಬಿರಿಯಿತು, ಹಕ್ಕಳೆಗಟ್ಟಿತು, ಹಕ್ಕಳೆ ಕಿತ್ತರೆ ರಕ್ತ ಬಂತು. ಕುರಿಹಟ್ಟಿಯ ಧೂಳೆಲ್ಲ ನೇರವಾಗಿ ಗಂಟಲಿಗೆ ಇಳಿಯುತ್ತಿತ್ತು. ಕೆಮ್ಮಿ ಕೆಮ್ಮಿ ಅವಳ ಹೊಟ್ಟೆ ಹುಣ್ಣಾಗುತ್ತಿತ್ತು. ನೋವು ಒಂದು ಕಡೆ. ಬಸುರಿಯರು ಅವಳನ್ನು ಕಂಡರೆ ಬೇರೆ ಓಣಿ ಹಿಡಿಯುತ್ತಿದ್ದರು, ಮದುವೆ ಮನೆಯವರು ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದರು. ಕಟ್ಟೆಯ ಮೇಲೆ ಅವಳ ಮಾತಿಗೆ ತಲೆದೂಗಿದ್ದ ಹಿರಿಯರು ಕೂಡ, "ಆಕಿ ಬಾಯಿ ಮುಚಗೊಂಡು ಇದ್ದಿದ್ರ ಆಗತಿತ್ತು" ಎಂದರು. ಹಾಳಾದವರು!

ಮಾಳಪ್ಪ ದಿನಾ ಕೊಡಲಿ ಮಸೆಯುತ್ತಿದ್ದ. ಒಂದು ದಿನ ಶಟ್ಟೆವ್ವ ಅದನ್ನು ಕಸಿದುಕೊಂಡಳು.

"ಅಂವನ ತಲಿ ತಂದ್ರ ನನ್ನ ಮೂಗು ಬರತೈತೇನ? ನನಗ ಮಾರಿ ಬೇಕು ತಮ್ಮಾ. ಮದಲ ಮಾರಿ. ಆಮ್ಯಾಲ ತಲಿ ನೋಡೂಣು."

ತೊರಗಲ್ಲಿನ ಕೋಟೆಯೊಳಗೆ ಬಾಬುಸಾಬ ಎಂಬ ಮುದುಕ ಇದ್ದ. ಅವನ ಹಿರಿಯರು ಕೋಟೆಯ ಸಿಪಾಯಿಗಳ ಕತ್ತಿಗಾಯ ಹೊಲಿಯುತ್ತಿದ್ದವರು. ಅವರಿಂದ ಮೂಗು ಹಚ್ಚುವ ವಿದ್ಯೆ ಇವನಿಗೆ ಬಂದಿತ್ತು. ವಿದ್ಯೆಯ ಜೊತೆ ಬಾಯಿಯೂ ಬಂದಿತ್ತು. ಅವನ ಬೈಗುಳ ಕೇಳಿದರೆ ಕೋಟೆಯ ಕಲ್ಲು ನಾಚಬೇಕು. ಅವನು ಶಟ್ಟೆವ್ವನ ಮುಖವನ್ನು ಬಿಸಿಲಿಗೆ ತಿರುಗಿಸಿ ನೋಡಿದ.

"ಹಣೀ ತೊಗಲು ಕಡದು ಕೆಳಗ ತಿರುವಿ ಹಚ್ಚಬೇಕು ಯವ್ವಾ. ಜೀವಂತ ಕೊಯ್ಯೂದು. ಸತ್ತರ ನನ್ನ ಕೇಳಬ್ಯಾಡ್ರಿ."

ಮಾಳಪ್ಪ ಹಿಂದೆ ಸರಿದ. "ಹಣೀ ಕೊಯ್ದ್ರ ಬರಹ ಹೋಗತೈತಲ್ರೀ? ದೇವರ ಭಂಡಾರ ಎಲ್ಲೆ ಹಚಗೋಬೇಕು ಆಕಿ?"

"ಹೋಗಲಿ ಬಿಡು," ಎಂದಳು ಶಟ್ಟೆವ್ವ. "ಭಾಳ ಚಲೋ ಬರದಿದ್ದ ನೋಡು ಬ್ರಹ್ಮ, ಕಾಪಾಡಾಕ." ಆಮೇಲೆ ತಮ್ಮನ ಕಡೆ ತಿರುಗಿ, "ಸತ್ತ ಮರಿ ತೊಗಲು ಸುಲದು ತಬ್ಬಲಿ ಮರಿಗೆ ಹೊಚ್ಚಿದ್ರ ತಾಯಿಕುರಿ ಅದನ್ನ ತನ್ನ ಮರಿ ಅಂತೈತಿ. ನನ್ನ ತೊಗಲು ನನಗ ಒಲ್ಲೆ ಅಂತೈತೇನ?" ಎಂದಳು.

ಬಾಬುಸಾಬ ಮೊದಲ ಸಲ ನಕ್ಕ.

ಅವನು ಜೇನುಮೇಣವನ್ನು ಲಟ್ಟಿಸಿ ಮೂಗಿನ ಆಕಾರಕ್ಕೆ ಒಂದು ಬಿಲ್ಲೆ ಮಾಡಿದ. ಅದನ್ನು ಚಪ್ಪಟೆ ಮಾಡಿ, ತಲೆಕೆಳಗು ಹಿಡಿದು ಅವಳ ಹಣೆಯ ಮೇಲಿಟ್ಟು ಸುತ್ತಲೂ ಕಾಡಿಗೆಯಿಂದ ಗೆರೆ ಎಳೆದ. ಹಣೆ ಸಣ್ಣದು. ಬಿಲ್ಲೆಯ ತುದಿ ಕೂದಲಿಗೆ ತಾಗುತ್ತಿತ್ತು. ಬೈದುಕೊಂಡು ಮತ್ತೆ ಮತ್ತೆ ಸರಿಸಿದ.

"ಕೂದಲ ಗೆರಿ ದಾಟಬಾರದು," ಎಂದ. "ಮ್ಯಾಲಿನ ತೊಗಲು ಸತ್ತ ಹೊಟ್ಟು ಇದ್ದಂಗ, ಉದುರತೈತಿ, ಬರತೈತಿ. ಅದರ ಕೆಳಗಿನ ಪದರ ಜೀವಂತ. ರಕ್ತ ಅಲ್ಲೇ, ಬೆವರು ಅಲ್ಲೇ, ನೋವು ಅಲ್ಲೇ, ಕೂದಲಿನ ಬೇರೂ ಅಲ್ಲೇ. ನಮ್ಮಪ್ಪ ಒಬ್ಬ ಸಿಪಾಯಿಗೆ ಅವಸರದಾಗ ಗೆರಿ ದಾಟಿ ಕೊಯ್ದಿದ್ದ. ಆ ಮಗಂಗ ಮೂಗಿನ ಮ್ಯಾಲ ಗಡ್ಡ ಬಂತು. ಸಾಯೂತನಕ ಬೋಳಸ್ಕೊಂಡ."

ಕೊಯ್ಯುವಾಗ ಮಾಳಪ್ಪ ಕೈ ಹಿಡಿದಿದ್ದ, ಬಾಬುಸಾಬನ ಹೆಂಡತಿ ರಹೀಮಬಿ ತಲೆ ಹಿಡಿದಿದ್ದಳು. ಒಂದಿಷ್ಟು ಅಫೀಮು ಕೊಟ್ಟಿದ್ದರು, ಅದು ಹೊಟ್ಟೆಗಿಳಿಯಿತೇ ಹೊರತು ನೋವಿನ ಹತ್ತಿರ ಹೋಗಲಿಲ್ಲ. ಮೊದಲು ಹಳೆಯ ಗಾಯದ ಅಂಚನ್ನು ಕೆರೆದು ಹಸಿ ಮಾಡಿದ. ಆಮೇಲೆ ಕ್ಷೌರದ ಕತ್ತಿ ಹಣೆಯ ಕಾಡಿಗೆ ಗೆರೆಯ ಮೇಲೆ ಹರಿಯಿತು. ರಕ್ತ ಎರಡೂ ಕಣ್ಣಿಗೆ ತುಂಬಿತು. ಬೆರಳು ಹಾಕಿ ತೊಗಲನ್ನು ತಲೆಬುರುಡೆಯಿಂದ ಬಿಡಿಸುವಾಗ ಆದ ಸಪ್ಪಳ ಅವಳಿಗೆ ಕಿವಿಯ ಒಳಗಿನಿಂದಲೇ ಕೇಳಿತು. ಕುರಿ ಸುಲಿಯುವಾಗ ತಾನು ಎಷ್ಟೋ ಸಲ ಕೇಳಿದ ಸಪ್ಪಳ ಅದು ಎಂದು ಮುಂದೆ ಹೇಳುತ್ತಿದ್ದಳು. ಹುಬ್ಬುಗಳ ನಡುವೆ ಒಂದು ಬೆರಳಗಲ ತೊಗಲನ್ನು ಮಾತ್ರ ಕೊಯ್ಯದೆ ಬಿಟ್ಟ. ಆ ಪಟ್ಟಿಯನ್ನು ತಿರುವಿ, ಬಿಡಿಸಿದ ತೊಗಲನ್ನು ಕೆಳಗೆ ಹೊರಳಿಸಿ, ಮೂಗಿನ ಜಾಗಕ್ಕೆ ಕೂಡಿಸಿ, ಕುದುರೆಬಾಲದ ಕೂದಲಿನಿಂದ ಹೊಲಿದ. ಹೊಳ್ಳೆ ಮುಚ್ಚಿಕೊಳ್ಳದಂತೆ ಔಡಲ ಎಲೆಯ ಪೊಳ್ಳು ದೇಟುಗಳನ್ನು ತುಪ್ಪದಲ್ಲಿ ಅದ್ದಿ ಇಟ್ಟ. ಹಣೆಯ ನಡುವಿದ್ದ ಹಚ್ಚೆಯ ಬೊಟ್ಟು ಹೀಗೆ ಕೆಳಗೆ ಬಂತು. ಹಚ್ಚೆಯ ಬಣ್ಣವೂ ಆ ಜೀವಂತ ಪದರದಲ್ಲೇ ಕೂತಿರುತ್ತದೆ, ಆದ್ದರಿಂದ ತೊಗಲು ಎಲ್ಲಿಗೆ ಹೋದರೆ ಅದೂ ಅಲ್ಲಿಗೆ.

"ಈಗ ಕೇಳು ಬೇಟಿ," ಎಂದ ಬಾಬುಸಾಬ, ಕೈ ತೊಳೆಯುತ್ತ. "ಈ ಮೂಗಿಗೆ ರಕ್ತ ಬರೂದು ಹುಬ್ಬಿನ ನಡುವಿನ ಪಟ್ಟಿ ಒಂದರಿಂದನ. ಕೆಳಗ ಬೇರು ಹಿಡಿಯೂತನಕ ಅದು ಹರೀಬಾರದು. ಹರದ್ರ ತೊಗಲು ಕರ‍್ರಗಾಗಿ ಕೊಳೀತೈತಿ. ಇನ್ನೊಂದು ಮೂಗಿಗೆ ನಿನ್ನ ಹಣ್ಯಾಗ ಜಾಗಾ ಇಲ್ಲ. ಯಾರರ ಹಿಡದು ಜಗ್ಗಿದ್ರ ಹಿಂದ ಸರೀಬ್ಯಾಡ. ಜಗ್ಗಿದ ಕಡೇನ ಹೋಗು."

ಅಮಾವಾಸ್ಯೆಗೆ ಕೊಯ್ದದ್ದು, ಹುಣ್ಣಿಮೆ ಕಳೆಯುವ ತನಕ ಪಟ್ಟಿ ಹಾಗೇ ಇರಬೇಕಿತ್ತು. ಮಾಳಪ್ಪ ಹಿಂಡು ನೋಡಲು ಹೂಲಿಗೆ ಹೋದ. ಶಟ್ಟೆವ್ವ ರಹೀಮಬಿಯ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕುಂತೇ ಇರುತ್ತಿದ್ದಳು, ಕುಂತೇ ನಿದ್ದೆ. ಒಂದು ವಿಚಿತ್ರ ನಡೆಯುತ್ತಿತ್ತು. ನೊಣ ಮೂಗಿನ ಮೇಲೆ ಕುಂತರೆ ಅವಳು ಹಣೆಯ ಕಡೆ ಕೈ ಬೀಸುತ್ತಿದ್ದಳು. ತೊಗಲು ಕೆಳಗೆ ಬಂದಿದ್ದರೂ ಅದರ ನರ ಇನ್ನೂ ಹಣೆಯದೇ. ಮೂಗು ಮುಟ್ಟಿದರೆ ಹಣೆ ಮುಟ್ಟಿದಂತಾಗುತ್ತಿತ್ತು. ರಹೀಮಬಿ ಬೇಕೆಂದೇ ಮೂಗನ್ನು ಮೆಲ್ಲಗೆ ಮುಟ್ಟಿ, "ಎಲ್ಲೆ ಮುಟ್ಟಿದೆ, ಹೇಳು?" ಎಂದು ಕೇಳಿ ನಗುತ್ತಿದ್ದಳು. ಶಟ್ಟೆವ್ವನಿಗೆ ನಗಲು ಹೊಲಿಗೆ ಬಿಡುತ್ತಿರಲಿಲ್ಲ.

ಸುದ್ದಿಗೆ ಕಾಲಿಲ್ಲ, ಆದರೂ ಓಡುತ್ತದೆ. ತಾನು ಒಲೆಗೆ ಹಾಕಿದ ಮೂಗು ತೊರಗಲ್ಲಿನಲ್ಲಿ ತಿರುಗಿ ಬರುತ್ತಿದೆ ಎಂಬುದು ರಾಮದುರ್ಗದ ಕಡೆ ಅಡಗಿದ್ದ ಲಗಮಪ್ಪನ ಕಿವಿಗೆ ಬಿತ್ತು. ಅವನಿಗದನ್ನು ಸಹಿಸಲಾಗಲಿಲ್ಲ. ಒಂದು ಶುಕ್ರವಾರ ಮಧ್ಯಾಹ್ನ, ಬಾಬುಸಾಬ ನಮಾಜಿಗೆ ಹೋದ ಹೊತ್ತು ನೋಡಿ ಮನೆಯೊಳಗೆ ನುಗ್ಗಿದ. ರಹೀಮಬಿ ಹಿತ್ತಲಲ್ಲಿ ಭತ್ತ ಕುಟ್ಟುತ್ತಿದ್ದಳು.

"ಬಂತಂತಲ್ಲ ಮೂಗು!" ಎಂದು ಒಂದು ಕೈಯಿಂದ ಅವಳ ಕೂದಲು ಹಿಡಿದ. ಇನ್ನೊಂದು ಕೈಯ ಬೆರಳುಗಳಿಂದ ಹೊಸ ಮೂಗನ್ನು ಹಿಡಿದು ಜಗ್ಗಿದ.

ಅವನ ಬೆರಳು ತನ್ನ ಹಣೆಯನ್ನು ಹಿಂಡಿದಂತೆ ಅವಳಿಗೆ ಅನಿಸಿತು. ಎಡಗಡೆಯ ಹೊಲಿಗೆ ಪಟಪಟನೆ ಕಿತ್ತುಹೋಯಿತು. ಬೇರೆ ಯಾರೇ ಆಗಿದ್ದರೂ ಹಿಂದಕ್ಕೆ ಸರಿಯುತ್ತಿದ್ದರು, ಸರಿದಿದ್ದರೆ ಪಟ್ಟಿ ಹರಿದು ಎಲ್ಲ ಮುಗಿಯುತ್ತಿತ್ತು. ಶಟ್ಟೆವ್ವ ಜಗ್ಗಿದ ಕಡೆಗೇ ಹೋದಳು. ಇಡೀ ಮೈಯನ್ನು ಅವನ ಮೇಲೆ ಒಗೆದಳು. ಇಬ್ಬರೂ ನೆಲಕ್ಕೆ ಬಿದ್ದರು, ಮುಖಕ್ಕೆ ಮುಖ ತಾಗಿತು. ಅವಳು ಬಾಯಿ ತೆರೆದು ಅವನ ಮೂಗನ್ನು ಹಲ್ಲಿನಲ್ಲಿ ಹಿಡಿದಳು. ಅವನು ಅವಳ ಮೂಗು ಬಿಟ್ಟ. ಅವಳು ಬಿಡಲಿಲ್ಲ. ಅವನು ಹೊಟ್ಟೆಗೆ ಗುದ್ದಿದ, ಪಕ್ಕೆಗೆ ಗುದ್ದಿದ, ಅಮ್ಮಾ ಎಂದು ಕೂಗಿದ. ಅವಳು ದವಡೆ ಬಿಗಿದು ತಲೆ ಒದರಿದಳು. ಎರಡೂ ಹೊಳ್ಳೆಯ ಸಮೇತ ಅವನ ಮೂಗಿನ ತುದಿ ಬಾಯಿಗೆ ಬಂತು. ಉಗುಳಿದಳು. ರಹೀಮಬಿಯ ಕೋಳಿ ಅದನ್ನು ಕಚ್ಚಿಕೊಂಡು ಹಿತ್ತಲಿಗೆ ಓಡಿತು.

ಕೋಳಿಯ ಬಾಯಲ್ಲಿ ಏನೆಂದು ನೋಡಿ ರಹೀಮಬಿ ಒನಕೆ ಹಿಡಿದುಕೊಂಡೇ ಒಳಗೆ ಬಂದಳು. ಮೊದಲ ಪೆಟ್ಟಿಗೆ ಲಗಮಪ್ಪನ ಮೊಣಕೈ ಮುರಿಯಿತು. ಎರಡನೆಯದು ಬೆನ್ನಿಗೆ ಬಿತ್ತು. ಮೂರನೆಯದಕ್ಕೆ ಅವನು ನಿಲ್ಲಲಿಲ್ಲ. ಮುಖ ಹಿಡಿದುಕೊಂಡು ಕೋಟೆಯ ಬಾಗಿಲು ದಾಟಿ ಹೋದ.

ಬಾಬುಸಾಬ ಬಂದು ನೋಡಿ, ಬಾಯಿಗೆ ಬಂದದ್ದೆಲ್ಲ ಬೈದು, ಕಿತ್ತ ಕಡೆ ಮತ್ತೆ ಹೊಲಿದ. ಪಟ್ಟಿ ಹರಿದಿರಲಿಲ್ಲ. ತೊಗಲು ಬೆಚ್ಚಗಿತ್ತು. ಹುಣ್ಣಿಮೆ ಕಳೆದ ಮೇಲೆ ಪಟ್ಟಿಯನ್ನು ಕತ್ತರಿಸಿದಾಗ ಮೂಗು ತನ್ನ ರಕ್ತದಲ್ಲಿ ತಾನೇ ಕೆಂಪಾಗಿ ನಿಂತಿತು. ಎಡಗಡೆಯ ಹೊಳ್ಳೆ ಸೊಟ್ಟ, ಹಣೆಯ ಮೇಲೆ ದೊಡ್ಡ ಹೊಳಪಿನ ಕಲೆ. ಒಳಗೆ ಒದ್ದೆ ಪೊರೆ ಪೂರ್ತಿ ಬರಲಿಲ್ಲ, ಕೊನೆಯ ತನಕ ಅವಳು ರಾತ್ರಿ ಮೂಗಿಗೆ ತುಪ್ಪ ಬಿಟ್ಟುಕೊಂಡೇ ಮಲಗುತ್ತಿದ್ದಳು. ಕೆಂಪು ಖಾರದ ಚಟ್ನಿ ತಿಂದರೆ ಮೊದಲು ಮೂಗು ಬೆವರುತ್ತಿತ್ತು. ಹಣೆಯ ತೊಗಲಲ್ಲವೇ? ಆದರೆ ಅದು ಮುಖವಾಗಿತ್ತು. ಕನ್ನಡಿ ನೋಡಿ ಅವಳು ಜೋರಾಗಿ ಅತ್ತಳು. ಅಳುವಾಗ ಮೂಗು ಸೋರಿದ್ದು ಕಂಡು ಬಾಬುಸಾಬನಿಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಅವಳು ಹೂಲಿಗೆ ತಿರುಗಿ ಹೋಗಲಿಲ್ಲ. ಬಾಬುಸಾಬನ ಕೈ ನಡುಗಲು ಹತ್ತಿತ್ತು, ಮಕ್ಕಳಿರಲಿಲ್ಲ. ಕುರಿ ಸುಲಿದ ಶಟ್ಟೆವ್ವನ ಬೆರಳಿಗೆ ತೊಗಲಿನ ಪದರ ಗೊತ್ತಿತ್ತು. ಮೊದಲು ದಾರ ಹಿಡಿದಳು, ಆಮೇಲೆ ಕತ್ತಿ ಹಿಡಿದಳು. ಬರುವವರಿಗೇನು ಬರವೇ? ಕಿತ್ತೂರಿನ ಕಡೆಯಿಂದ ಬಂದರು, ರಾಮದುರ್ಗದ ಹಳ್ಳಿಗಳಿಂದ ಬಂದರು, ಸೆರಗಿನಲ್ಲಿ ಮುಖ ಮುಚ್ಚಿಕೊಂಡ ಹೆಂಗಸರೇ ಹೆಚ್ಚು. ಎಲ್ಲ ಮೂಗೂ ಬದುಕಿತು ಎಂದು ಸುಳ್ಳು ಹೇಳುವುದಿಲ್ಲ. ಬಾಯವ್ವ ಎಂಬ ಹುಡುಗಿಯ ಪಟ್ಟಿಯನ್ನು ಶಟ್ಟೆವ್ವ ಹೆಚ್ಚು ತಿರುವಿಬಿಟ್ಟಿದ್ದಳು. ತೊಗಲು ನೀಲಿಯಾಗಿ, ಕರ‍್ರಗಾಗಿ, ಕೈಯಲ್ಲೇ ಕಳಚಿ ಬಂತು. ಬಾಯವ್ವ ಹಣೆಯೂ ಇಲ್ಲದೆ ಮೂಗೂ ಇಲ್ಲದೆ ಊರಿಗೆ ಹೋದಳು. ಅವಳ ಹೆಸರು ಬಂದರೆ ನಮ್ಮ ಶಟ್ಟೆವ್ವಾಯಿ ಊಟ ಬಿಟ್ಟು ಏಳುತ್ತಿದ್ದಳು.

ವರ್ಷಗಳು ಹೋದವು. ಒಂದು ಬೆಳಿಗ್ಗೆ ಅಂಗಳದಲ್ಲಿ ತಂಗೆವ್ವ ನಿಂತಿದ್ದಳು, ಹಿಂದೆ ಮುಖಕ್ಕೆ ಬಟ್ಟೆ ಸುತ್ತಿಕೊಂಡ ಲಗಮಪ್ಪ. ಮೂಗಿಲ್ಲದವನಿಗೆ ಯಾರೂ ಹೆಣ್ಣು ಕೊಟ್ಟಿರಲಿಲ್ಲ, ಕುರಿ ಕಾಯಲು ಆಳೂ ಸಿಕ್ಕಿರಲಿಲ್ಲ. ತಂಗೆವ್ವ ಸೆರಗಿನ ಗಂಟು ಬಿಚ್ಚಿ ಆ ನತ್ತನ್ನು ಶಟ್ಟೆವ್ವನ ಕಾಲ ಮುಂದೆ ಇಟ್ಟು ಉದ್ದಕ್ಕೆ ಬಿದ್ದಳು.

"ನನ್ನ ಮಗಗ ಮಾರಿ ಕೊಡ ಯವ್ವಾ."

ರಹೀಮಬಿ ಬಾಗಿಲಲ್ಲಿ ನಿಂತು, "ಗಂಟಲು ಕೊಯ್ದು ಖಂದಕದಾಗ ಒಗಿ," ಎಂದಳು. ಕಣ್ಣು ಮಂಜಾಗಿ ಹೊರಸಿನ ಮೇಲೆ ಕುಂತಿದ್ದ ಬಾಬುಸಾಬ, "ನಮ್ಮ ಕೈಯಾಗ ಬಂದ ತೊಗಲು ಬದಕಬೇಕು ಬೇಟಿ. ಅದು ಯಾರದರ ಇರಲಿ," ಎಂದ.

ಶಟ್ಟೆವ್ವ ನತ್ತನ್ನು ಎತ್ತಿ ತನ್ನ ಸೆರಗಿಗೆ ಗಂಟು ಹಾಕಿಕೊಂಡಳು. ಆಮೇಲೆ ಲಗಮಪ್ಪನಿಗೆ, "ಮಲಕೊ," ಎಂದಳು.

ಹಿಂದೆ ಅವನಿಗೆ ನೀವು ಎನ್ನುತ್ತಿದ್ದಳು. ಅಂದು ನೀನು ಎಂದಳು. ರಕ್ತಕ್ಕೆ ಕೂದಲು ಅಂಟಿಕೊಳ್ಳುತ್ತದೆ ಎಂದು ಹೇಳಿ ಅವನ ತಲೆಯ ಮುಂಭಾಗವನ್ನು ನುಣ್ಣಗೆ ಬೋಳಿಸಿದಳು. ಹಣೆ ಎಲ್ಲಿ ಮುಗಿಯಿತು, ತಲೆ ಎಲ್ಲಿ ಹತ್ತಿತು ಎಂದು ನೋಡಿದವರಿಗೆ ತಿಳಿಯುವಂತಿರಲಿಲ್ಲ. ಕತ್ತಿಯನ್ನು ಮಸೆದು ಅವನ ಗಂಟಲಿನ ಮೇಲೆ ಇಟ್ಟಳು. ಅವನ ಗಂಟಲಿನ ಗಂಟು ಕತ್ತಿಯ ಕೆಳಗೆ ಏರಿ ಇಳಿಯಿತು. ಶಟ್ಟೆವ್ವ ಅದನ್ನು ನೋಡುತ್ತ ಇದ್ದು, ಕತ್ತಿ ತೆಗೆದು ಪಕ್ಕಕ್ಕಿಟ್ಟಳು. ಮೇಣದ ಬಿಲ್ಲೆಯನ್ನು ಅವನ ಹಣೆಯ ಮೇಲಿಟ್ಟಳು. ಹಣೆ ಅಗಲವಾಗಿತ್ತು, ಬೇಕಾದಷ್ಟು ಜಾಗ ಇತ್ತು. ತುಸು ಹೊತ್ತು ಹಾಗೇ ಹಿಡಿದಿದ್ದಳು. ಆಮೇಲೆ ಬಿಲ್ಲೆಯನ್ನು ಮೇಲಕ್ಕೆ ಸರಿಸಿದಳು.

"ಅಫೀಮು?" ಎಂದ ಲಗಮಪ್ಪ.

"ತೀರೈತಿ."

ಕತ್ತಿ ಇಳಿದಾಗ ಅವನು ಕೋಟೆ ಹಾರಿಹೋಗುವಂತೆ ಕೂಗಿದ. ತಂಗೆವ್ವ ಮಗನ ಕಾಲ ಮೇಲೆ ಕುಂತಿದ್ದಳು, ಅಂದು ಸೊಸೆಯ ಕಾಲ ಮೇಲೆ ಕುಂತಂತೆಯೇ. ಶಟ್ಟೆವ್ವ ಅವಸರ ಮಾಡಲಿಲ್ಲ.

"ಕುರಿ ಒದರಂಗಿಲ್ಲ," ಎಂದಳು. "ನೀ ಯಾಕ ಒದರತಿ?"

ಅವಳು ಹಚ್ಚಿದ ಮೂಗುಗಳಲ್ಲೆಲ್ಲ ಅಷ್ಟು ಚೆಂದ ಕೂಡಿದ್ದು ಇನ್ನೊಂದಿಲ್ಲವಂತೆ. ನೆಟ್ಟಗೆ, ಹೊಳ್ಳೆ ಎರಡೂ ಸಮ. ಗಾಯ ತೊಳೆಯುವಾಗಲೆಲ್ಲ ಅವಳೇ ಅದರ ಮೇಲೆ ಕತ್ತಿ ಆಡಿಸಿ ನುಣ್ಣಗೆ ಇಡುತ್ತಿದ್ದಳು. ಪಟ್ಟಿ ಕತ್ತರಿಸಿದ ಮೇಲೆ ಲಗಮಪ್ಪ ಕನ್ನಡಿ ನೋಡಿಕೊಂಡು, ಮೀಸೆಯ ಮೇಲೆ ಕೈಯಾಡಿಸಿ ಹೋದ. ಹೆಂಡತಿ ಎಂದರೆ ಹೀಗೆ ಸೋಲಬೇಕು ಎಂದು ಊರಲ್ಲಿ ಹೇಳಿಕೊಂಡನಂತೆ. ಹೇಳಿಕೊಳ್ಳಲಿ.

ಮುಂದಿನ ಉಣ್ಣೆ ಕತ್ತರಿಸುವ ಕಾಲಕ್ಕೆ ಶಟ್ಟೆವ್ವ ತಮ್ಮನ ಮನೆಗೆ ಹೂಲಿಗೆ ಬಂದಿದ್ದಳು. ಲಗಮಪ್ಪನ ಮೇಲಿನ ಹಳೆಯ ಪೊಲೀಸ್ ಕೇಸು ಎಂದೋ ತಣ್ಣಗಾಗಿತ್ತು. ಕಟ್ಟೆಯ ಮುಂದೆ ಹಿಂಡುಗಳೆಲ್ಲ ಕೂಡಿದ್ದವು, ಮುದುಕ ಪರಸಪ್ಪ ಕಟ್ಟೆಯ ಮೇಲೆ ಕುಂತಿದ್ದ. ಅವಳ ಮೂಗಿನಲ್ಲಿ ನತ್ತು ಹೊಳೆಯುತ್ತಿತ್ತು, ಕಾಲಿನ ನಡುವೆ ಒಂದು ಕುರಿ, ಕೈಯಲ್ಲಿ ಕತ್ತರಿ. ಆಗ ಲಗಮಪ್ಪ ಬಂದ. ಜನರ ನಡುವೆ ನುಗ್ಗಿ ಬಂದು ಮುಖದ ಬಟ್ಟೆ ಕಿತ್ತೊಗೆದ.

"ಏನ ಮಾಡೀದಿ ರಂಡೆ ನನಗ?"

ಅವನ ಮೂಗಿನ ತುದಿಯಿಂದ ತುಟಿಯ ತನಕ ಕಪ್ಪನೆಯ ದಟ್ಟ ಕೂದಲು ಇಳಿಬಿದ್ದಿತ್ತು. ತಲೆಯ ಮೇಲಿನದೇ ಕೂದಲು, ಎಣ್ಣೆ ಹಚ್ಚಿ ಬಾಚಬಹುದಾದಷ್ಟು.

ಶಟ್ಟೆವ್ವ ಕುರಿಯನ್ನು ಬಿಟ್ಟು ಎದ್ದು ನಿಂತಳು. ಹಿಂದೊಮ್ಮೆ ತಂಬಿಗೆ ಕೆಳಗಿಟ್ಟು ಮಾತಾಡಿದ್ದ ಜಾಗ ಅದು.

"ಗುರುತು ಹಾಕೇನಿ," ಎಂದಳು. "ನನ್ನ ಗುರುತು ಯಾರು ಹಿಡೀತಾರ ಅಂತ ಕೇಳಿದ್ದಿ. ಈಗ ನಿನ್ನ ಗುರುತು ಎಲ್ಲಾರೂ ಹಿಡೀತಾರ. ಬೋಳಸು, ಬರತೈತಿ. ಸುಡು, ಬರತೈತಿ. ಕಿವಿ ಕೊಯ್ದಂಗ ಕೊಯ್ದೊಗದ್ರ ಮತ್ತ ಮೂಗಿಲ್ಲ. ತೊಗಲು ಮರೆಯಂಗಿಲ್ಲೋ ಲಗಮ್ಯಾ."

ಅವನು ಕೈ ಎತ್ತಿದ. ಅವಳು ಹಿಂದೆ ಸರಿಯಲಿಲ್ಲ. ಒಂದು ಹೆಜ್ಜೆ ಮುಂದಿಟ್ಟು ಕತ್ತರಿಯ ಬಾಯಿ ತೆರೆದಳು.

"ಕುಂದರು. ಕತ್ತರಸ್ತೇನಿ."

ಅವನು ಓಡಿದ. ಕಟ್ಟೆಯ ಮೇಲೆ ಮೊದಲು ನಕ್ಕವನು ಪರಸಪ್ಪ. ಅಂದಿನಿಂದ ಬೈಲಹೊಂಗಲದ ಸಂತೆಯಲ್ಲಿ ಕ್ಷೌರದವನ ಮುಂದೆ ಕುಂತು ಮೂಗು ಬೋಳಿಸಿಕೊಳ್ಳುವ ಒಬ್ಬ ಗಂಡಸನ್ನು ಕಂಡರೆ ಗುರುತಿಲ್ಲದವರೂ, ಅದು ಹೂಲಿಯ ಶಟ್ಟೆವ್ವನ ಕುರಿ ಎನ್ನುತ್ತಿದ್ದರು.